ನೋಟೊ

ನೋಟೊ: ಇಟಲಿಯ ಸಿಸಿಲಿ ದ್ವೀಪದ ಆಗ್ನೇಯ ಭಾಗದಲ್ಲಿ, ಸಿರಾಕ್ಯೂಸ್ ನಗರದಿಂದ ನೈಋತ್ಯಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿರುವ ಪಟ್ಟಣ. 18ನೆಯ ಶತಮಾನದ ಬರೋಕ್ ವಾಸ್ತುಶಿಲ್ಪಕ್ಕೆ ಹೆಸರಾದದ್ದು. ನೆರೆಯ ರಗೂಸ, ಮೋದಿಕ, ಶಿಕ್ಲಿ, ಕತಾನಿಯ ಮೊದಲಾದ ಏಳು ಊರುಗಳ ಜೊತೆಗೆ 2002ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೋಡತಕ್ಕ ಕಟ್ಟಡಗಳೆಲ್ಲ ಒಂದೇ ಬೀದಿಯ ಆಸುಪಾಸಿನಲ್ಲಿರುವುದರಿಂದ ಸಿರಾಕ್ಯೂಸ್‌ನಿಂದ ಬೆಳಗ್ಗೆ ಹೊರಟು ಸಂಜೆಗೆ ಹಿಂತಿರುಗಬಹುದು.

ಹಳೆಯ ನೋಟೊ ಇದ್ದದ್ದು ಇಲ್ಲಿಂದ ಕೆಲವು ಕಿ.ಮೀ. ಒಳನಾಡಿನ ಆಲ್ವೇರಿಯ ಬೆಟ್ಟದ ಮೇಲೆ. 1693ರ ಜನವರಿ 11ರ ಭೂಕಂಪ ಅದನ್ನು ನೆಲಸಮ ಮಾಡಿತು. ದ್ವೀಪ ಆಗ ಸ್ಪೇನಿನ ಆಳ್ವಿಕೆಯಲ್ಲಿತ್ತು. ಪುನರ್ನಿರ್ಮಾಣದ ಹೊಣೆ ಹೊತ್ತ ಕಮಾಸ್ತ್ರದ ಡ್ಯೂಕ್ ಜುಸೆಪ್ಪೆ ಲಾಂಜ ಊರನ್ನು ಸಮುದ್ರಕ್ಕೆ ಹತ್ತಿರದ ಇಳಿಜಾರಿಗೆ ಸ್ಥಳಾಂತರಿಸಲು ನಿರ್ಧರಿಸಿದ. ಜನರಿಗೆಲ್ಲ ಇದು ಒಪ್ಪಿಗೆಯಾಗಲಿಲ್ಲ; ಬೆಟ್ಟಕ್ಕೇ ಮರಳಬೇಕೆಂಬ ಪಟ್ಟು ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಹೊಸ ಊರು ಏಳತೊಡಗಿತ್ತು. ಖಾಲಿ ಜಾಗವಾದ್ದರಿಂದ ಬೀದಿಗಳನ್ನು ನೇರವಾಗಿ ಎಳೆಯಲು ಅಡ್ಡಿಯಿರಲಿಲ್ಲ. ರೊಸಾರಿಯೊ ಗಾಲ್ಯಾರ್ಡಿ, ವಿಂಚೆಂಜೊ ಸಿನಾತ್ರ, ಪಾವೊಲೊ ಲಬೀಸಿ ಇಲ್ಲಿನ ಮುಖ್ಯ ವಾಸ್ತುಶಿಲ್ಪಿಗಳು.

ಮುಖ್ಯ ಬೀದಿ ಕೊರ್ಸೊ ವಿತ್ತೋರಿಯೊ ಎಮಾನುಯೆಲೆ. 19ನೆಯ ಶತಮಾನದ ಪೋರ್ತ ರೆಯಾಲೆ ಎಂಬ ಕಮಾನು ಇದರ ಪೂರ್ವದ ಹೆಬ್ಬಾಗಿಲು. ಅಲ್ಲಿಂದ ಪಶ್ಚಿಮಕ್ಕೆ ನಡೆದರೆ ಸಂತ ಫ್ರಾನ್ಸಿಸ್ಕನ ಚರ್ಚು, ಸಾನ್ ಸಾಲ್ವತೋರೆ ಕಾನ್ವೆಂಟು, ಅನಂತರ ಅಗಲವಾದ ಮೆಟ್ಟಿಲಸಾಲಿನ ಮೇಲೆ ಸಂತ ನಿಕೊಲಸನ ಕೆಥೆಡ್ರಲ್ ಸಿಗುತ್ತವೆ. ಎದುರಿಗೇ ಪುರಭವನವಾದ ಪಲಾತ್ಸೊ ದುಚೇತ್ಸಿಯೊ. ಇದರ ಮೇಲಂತಸ್ತು 20ನೆಯ ಶತಮಾನದಲ್ಲಿ ಸೇರಿಸಿದ್ದು, ಹೇಳದಿದ್ದರೆ ತಿಳಿಯುವುದಿಲ್ಲ. ಎಲ್ಲಕ್ಕೂ ಬಳಸಿರುವುದು ಸ್ಥಳೀಯ ಸುಣ್ಣಕಲ್ಲು. ಉಳಿಗೆ ಸುಲಭವಾಗಿ ಬಗ್ಗುವ, ಜೇನಿನ ಬಣ್ಣದ ಕಲ್ಲು ಅದು.

ಕಲ್ಲುಕುಟಿಗರ ಕೈಚಳಕವನ್ನು ಹತ್ತಿರದಿಂದ ನೋಡಬೇಕಾದರೆ ನಿಕೊಲಾಚಿ ಬೀದಿಗೆ ಹೋಗಬೇಕು. ಅಲ್ಲಿನ ಅರಮನೆಯ ಬಾಲ್ಕನಿಗಳನ್ನು ಹೊತ್ತ ಚಾಚುಗಲ್ಲುಗಳಲ್ಲಿ ಸಿಂಹಗಳಿವೆ, ರೆಕ್ಕೆಯ ಕುದುರೆಗಳಿವೆ, ಬಾಯ್ತೆರೆದ ವಿಕಾರ ಮುಖಗಳಿವೆ. ಒಂದು ಬಾಲ್ಕನಿಯ ಪ್ರಾಣಿ ಇನ್ನೊಂದರಲ್ಲಿಲ್ಲ. ಮೇಲಿನ ಕಬ್ಬಿಣದ ಕಟಕಟೆ ಹೊಟ್ಟೆ ಬಂದಂತೆ ಮುಂದಕ್ಕೆ ಉಬ್ಬಿದೆ. ಹೆಂಗಸರ ಅಗಲ ಲಂಗಗಳಿಗೆ ಜಾಗ ಬಿಡಲೆಂದು ಹಾಗೆ ಮಾಡಿದರೆಂಬ ಮಾತಿದೆ. ಮೇ ತಿಂಗಳ ಮೂರನೆಯ ಭಾನುವಾರದ ಸುಮಾರಿಗೆ ಈ ಏರು ಬೀದಿಯ ತುಂಬ ಹೂವಿನ ಎಸಳುಗಳಿಂದ ಚಿತ್ರ ಬಿಡಿಸುವ 'ಇನ್‌ಫಿಯೊರಾತ' ಹಬ್ಬ ನಡೆಯುತ್ತದೆ. ಕಟ್ಟಡಗಳನ್ನು ನೋಡಲು ಬರುವವರು ಆ ನೂಕುನುಗ್ಗಲಿನ ದಿನಗಳನ್ನು ಬಿಡುವುದೇ ಮೇಲು.

ಕೆಥೆಡ್ರಲಿನ ಈಚಿನ ಚರಿತ್ರೆ ಅದರ ಹೊರಚೆಲುವಿನಷ್ಟೇ ಮುಖ್ಯ. ಕಂಬಗಳ ಹೊರಮೈ ಅಚ್ಚುಕಟ್ಟಾದ ಕೆತ್ತುಗಲ್ಲು, ಒಳಗೆ ತುಂಬಿದ್ದು ಸಡಿಲ ಜಲ್ಲಿಗಾರೆ. 1950ರ ದಶಕದಲ್ಲಿ ಹಗುರವಾದ ಮರದ ಚಾವಣಿ ತೆಗೆದು ಭಾರದ ಕಾಂಕ್ರೀಟು ಹೊದಿಸಿದರು. 1990ರ ಡಿಸೆಂಬರಿನ ಭೂಕಂಪದಲ್ಲಿ ಕಟ್ಟಡ ಬಿರುಕುಬಿಟ್ಟಿತು. 1996ರ ಮಾರ್ಚ್ 13ರ ರಾತ್ರಿ ಬಲಬದಿಯ ಕಂಬಗಳು ಕುಸಿದು ಗುಮ್ಮಟವನ್ನೂ ಚಾವಣಿಯನ್ನೂ ಎಳೆದುಕೊಂಡು ಬಿದ್ದವು. ಒಳಗೆ ಯಾರೂ ಇರಲಿಲ್ಲ, ಜೀವಹಾನಿಯಾಗಲಿಲ್ಲ. ಮತ್ತೆ ಕಟ್ಟುವಾಗ ಕಾಂಕ್ರೀಟನ್ನು ಬಿಟ್ಟು ಹಳೆಯ ಕ್ರಮದಲ್ಲಿ ಸುಣ್ಣಕಲ್ಲಿನಿಂದಲೇ ಕಂಬಗಳನ್ನು ಎಬ್ಬಿಸಿದರು. 2007ರ ಜೂನ್‌ನಲ್ಲಿ ಕೆಥೆಡ್ರಲ್ ಮತ್ತೆ ತೆರೆಯಿತು. ಒಳಗಿನ ಗೋಡೆಗಳ ಹೊಸತನ ಕಣ್ಣಿಗೆ ಹೊಡೆಯುತ್ತದೆ, ಆದರೆ ದುರಸ್ತಿ ಪ್ರಾಮಾಣಿಕವಾದದ್ದು.

ರೈಲಿನಲ್ಲಿ ಸಿರಾಕ್ಯೂಸ್‌ನಿಂದ ಸುಮಾರು ಅರ್ಧ ಗಂಟೆಯ ದಾರಿ. ನಿಲ್ದಾಣದಿಂದ ಊರೊಳಕ್ಕೆ ಏರು ನಡಿಗೆಯಿದೆ. ಮಧ್ಯಾಹ್ನ ಅನೇಕ ಚರ್ಚು, ಅಂಗಡಿಗಳು ಮುಚ್ಚಿರುತ್ತವೆ. ಆ ಹೊತ್ತಿಗೆ ಇಲ್ಲಿನ ಬಾದಾಮಿಯ ಗ್ರನೀತ ಎಂಬ ಹಿಮತಿನಿಸನ್ನು ಸವಿಯಬಹುದು. ಇಳಿಹೊತ್ತಿಗೆ ಸಾನ್ ಕಾರ್ಲೊ ಚರ್ಚಿನ ಗಂಟೆಗೋಪುರ ಹತ್ತಿದರೆ ಇಡೀ ಬೀದಿ ಒಂದೇ ನೋಟಕ್ಕೆ ಸಿಗುತ್ತದೆ. ಆಲ್ವೇರಿಯ ಬೆಟ್ಟದಲ್ಲಿ ಹಳೆಯ ಊರಿನ ಕೋಟೆ, ಗೋಡೆಗಳ ಅವಶೇಷಗಳು ಇನ್ನೂ ಇವೆ. ಅಲ್ಲಿಗೆ ಹೋಗಲು ಸ್ವಂತ ವಾಹನವಿದ್ದರೆ ಅನುಕೂಲ.