ಹಗೇವಿನಿಂದ ಕ್ರೇಟಿನವರೆಗೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸದಸ್ಯ ಬಾಂಧವರ ಮುಂದೆ ಒಂದು ಹಳೇ ವಿಚಾರ ಇಡುತ್ತಿದ್ದೇವೆ. ನಮ್ಮ ಹಿರಿಯರು ರಾಗಿಯನ್ನು ಹಗೇವಿಗೆ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಬಾಳೆ, ವೀಳ್ಯದೆಲೆ, ಬದನೆ, ಸೊಪ್ಪಿಗೆ ಯಾವ ಹಗೇವು? ಕಿತ್ತ ಗಳಿಗೆಯಿಂದಲೇ ಬಾಡಲು ಶುರು. ನಂಜನಗೂಡು, ತಿ. ನರಸೀಪುರ ಸೀಮೆಯ ರೈತರು ತಲೆತಲಾಂತರದಿಂದ ಈ ಬಾಡುವುದರ ಜೊತೆ ಪಂದ್ಯ ಕಟ್ಟಿಕೊಂಡು ಓಡಿದವರು.

ಗಾಡಿ ಕಾಲದಲ್ಲಿ ಬಿಸಿಲಿಳಿದ ಮೇಲೆ ಕೊಯ್ದು, ಗಾಡಿಗೆ ಹುಲ್ಲು ಹಾಸಿ, ಬಾಳೆ ತರಗು ಹರಡಿ, ಗೊನೆ ಗೊನೆ ಉಜ್ಜದ ಹಾಗೆ ಜೋಡಿಸಿ ರಾತ್ರಿಯೇ ಹೊರಡುತ್ತಿದ್ದರು. ವೀಳ್ಯದೆಲೆ ಕಟ್ಟಿಗೆ ಬಾಳೆ ಪಟ್ಟೆ ಸುತ್ತಿ ನೀರು ಚಿಮುಕಿಸುವುದು. ಕಾಸಿನ ಖರ್ಚಿಲ್ಲ. ತಂಪು ಹೊತ್ತಲ್ಲಿ ಕೊಯ್ಯಿರಿ, ಪೆಟ್ಟು ಬೀಳದಂತೆ ಸಾಗಿಸಿ, ತೇವ ಆರಗೊಡಬೇಡಿ ಅಂತ ಇವತ್ತು ತರಬೇತಿಗಳಲ್ಲಿ ಹೇಳುವುದೂ ಇದನ್ನೇ.

1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಮೀಟರ್ ಗೇಜ್ ರೈಲು ಬಂತು. 1735ರಲ್ಲಿ ಕಟ್ಟಿದ ಕಪಿಲಾ ನದಿಯ ಸೇತುವೆ ಮೇಲೆಯೇ ರೈಲೂ ಹೋಯಿತು, ಗಾಡಿಯೂ ಹೋಯಿತು. 1926ರಲ್ಲಿ ಹಳಿ ಚಾಮರಾಜನಗರದವರೆಗೆ ಬೆಳೆಯಿತು. ಮೂರು ನದಿ ಕೂಡುವ ತಿ. ನರಸೀಪುರಕ್ಕೆ ಮಾತ್ರ ರೈಲಿನ ಭಾಗ್ಯ ಬರಲೇ ಇಲ್ಲ. ಅಲ್ಲಿನವರಿಗೆ ರಸ್ತೆಯೇ ಗತಿ.

1974ರಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ನಾಲೆ ನೀರು ಬಂತು, ಬೆಳೆ ಹೆಚ್ಚಿತು. ಲಾರಿ, ಟೆಂಪೋ ಬಂದವು. ಹೊತ್ತು ಉಳಿಯಿತು, ನಿಜ. ಆದರೆ ಗಾಡಿಯ ಹುಲ್ಲು, ತರಗು ಎರಡೂ ಹೋದವು! ಟೊಮೆಟೊವನ್ನು ಮೂಟೆಗೆ ತುರುಕಿ, ಮೂಟೆ ಮೇಲೆ ಮೂಟೆ ಹೇರಿ, ಮೇಲೊಬ್ಬ ಆಳು ಕೂತು ಹೋಗುವುದನ್ನು ನಾವೆಲ್ಲ ಕಂಡವರೇ. ಮಂಡಿಯಲ್ಲಿ ಮೂಟೆ ಬಿಚ್ಚಿದಾಗ ತಳದಲ್ಲಿ ರಸ. ವ್ಯಾಪಾರಿ ಆ ತಳ ನೋಡಿಯೇ ಇಡೀ ಮೂಟೆಗೆ ಬೆಲೆ ಕಟ್ಟುತ್ತಾನೆ. ಬೀಜ, ಗೊಬ್ಬರ, ಕೂಲಿ, ಬಾಡಿಗೆ ಕಳೆದು ನಮಗೆ ಮಿಗಬೇಕಾದದ್ದು ಆ ತಳದಲ್ಲೇ ಇರುತ್ತದೆ.

ಪ್ಲಾಸ್ಟಿಕ್ ಕ್ರೇಟು ಬಂದದ್ದು ಇದಕ್ಕೇ ಮದ್ದಾಗಿ. ಮೇಲಿನ ಭಾರ ಕ್ರೇಟಿನ ಅಂಚು ಹೊರುತ್ತದೆ, ಹಣ್ಣು ಹೊರುವುದಿಲ್ಲ. ತೊಳೆದು ಒಣಗಿಸಿದರೆ ಎಷ್ಟೋ ಸಲ ಬರುತ್ತದೆ. ತೊಡಕು ಒಂದೇ: ಬಂಡೀಪಾಳ್ಯದ ಮಾರುಕಟ್ಟೆಗೆ ಹೋದ ಖಾಲಿ ಕ್ರೇಟು ಊರಿಗೆ ವಾಪಸ್ ಬರಬೇಕು. ಒಬ್ಬ ರೈತ ಹತ್ತು ಕ್ರೇಟಿನ ಹಿಂದೆ ಅಲೆಯಲಾರ, ಸಂಘವಾದರೆ ನಂಬರು ಹಾಕಿ ಲೆಕ್ಕ ಇಡಬಹುದು. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಸಹಕಾರ ಸಂಘ ಕಟ್ಟಿದ್ದೂ ಒಬ್ಬೊಬ್ಬರಿಂದ ಆಗದ ಮಾರಾಟಕ್ಕಾಗಿಯೇ. ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು.

ಶೀತಲಗೃಹ ಕಟ್ಟಿಸಿ ಎನ್ನುವ ಸದಸ್ಯರಿದ್ದಾರೆ. ಕರೆಂಟು ಬಿಲ್ಲು ಒತ್ತಟ್ಟಿಗಿರಲಿ, 13 ಡಿಗ್ರಿಗಿಂತ ಕೆಳಗೆ ಬಾಳೆಯ ಸಿಪ್ಪೆ ಕಪ್ಪಾಗುತ್ತದೆ. ನಮ್ಮ ಕೈಗೆಟಕುವುದು ಬೇರೆ ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಕರೆಂಟಿಲ್ಲದ ತಂಪು ಕೋಣೆ ತೋರಿಸಿಕೊಟ್ಟರು. ಇಟ್ಟಿಗೆಯ ಎರಡು ಗೋಡೆ, ನಡುವೆ ಸುಮಾರು ಮೂರು ಅಂಗುಲ ಸಂದು, ಸಂದಿನಲ್ಲಿ ಮರಳು, ಮೇಲೊಂದು ಚಪ್ಪರ. ಬೆಳಿಗ್ಗೆ ಸಂಜೆ ಮರಳಿಗೆ ನೀರು ಹಾಕಿದರೆ ಮಡಕೆ ನೀರು ತಣ್ಣಗಾಗುವ ಹಾಗೆ ಒಳಗೆ ತಂಪು. ಕಡು ಬೇಸಿಗೆಯಲ್ಲಿ ಹೊರಗಿಗಿಂತ 10 ಡಿಗ್ರಿಗೂ ಹೆಚ್ಚು ಇಳಿಯುತ್ತದೆ. ಮಳೆಗಾಲದಲ್ಲಿ ಅಷ್ಟು ಕೆಲಸ ಮಾಡದು. ಹಣ್ಣಾದ ಬಾಳೆಯನ್ನು ಸೊಪ್ಪಿನ ಜೊತೆ ಇಡಬಾರದು, ಅದು ಬಿಡುವ ಅನಿಲಕ್ಕೆ ಸೊಪ್ಪು ಹಳದಿಯಾಗುತ್ತದೆ.

ಸಂಘದ ಗೋದಾಮಿನ ಹಿಂದೆ ಇಂಥ ಕೋಣೆಗೆ ಜಾಗ ಇದೆ, ನೆರಳೂ ಇದೆ. ವಿಷಯ ಮುಂದಿನ ಮಹಾಸಭೆಗೆ ಬರುತ್ತದೆ. ಇಟ್ಟಿಗೆ ಮರಳು ಹೇಗೋ ಹೊಂದಿಸಬಹುದು. ದಿನಾ ಎರಡು ಹೊತ್ತು ನೀರು ಹಾಕುವವರು ಯಾರು, ಖಾಲಿ ಕ್ರೇಟು ಎಣಿಸುವವರು ಯಾರು ಅನ್ನುವುದನ್ನು ಮಾತ್ರ ಸದಸ್ಯರು ಅಲ್ಲೇ ತೀರ್ಮಾನ ಮಾಡಿ ಹೆಸರು ಬರೆಸಬೇಕು.