ಪಾಟಿ ಕಲ್ಲಿನ ಮೇಜು: ಮನೆಗೆ ಪೂಲ್ ಟೇಬಲ್ ತರುವ ಮುನ್ನ ಒಂದಿಷ್ಟು ಇತಿಹಾಸ

ಕಬ್ಬಿನ ಬಿಲ್ಲು ಕೈಗೆ ಬಂದಾಗ ನಮ್ಮ ಕಡೆ ಹೊಸ ಬೈಕು, ಟಿವಿಗಳ ಮಾತು ಶುರುವಾಗುತ್ತದೆ. ಈಗ ಹುಡುಗರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ‘ಮನ್ಯಾಗ ಒಂದು ಪೂಲ್ ಟೇಬಲ್ ಹಾಕಬೇಕ್ರಿ, ಕಡಿಮಿ ರೊಕ್ಕದಾಗ ಯಾವುದು ಚಲೋ?’ ಈ ಪ್ರಶ್ನೆಗೆ ಅಂಗಡಿಯವರಿಗಿಂತ ಆ ಮೇಜಿನ ಇತಿಹಾಸವೇ ಸರಿಯಾದ ಉತ್ತರ ಕೊಡುತ್ತದೆ ಎಂಬುದು ನಮ್ಮ ಅನಿಸಿಕೆ.

ಮೊದಲು ಹೆಸರು. ಪೂಲ್ ಅಂದರೆ ಇಲ್ಲಿ ಈಜುಕೊಳ ಅಲ್ಲ, ಆಟಗಾರರು ಕೂಡಿಸಿ ಇಡುತ್ತಿದ್ದ ಪಣದ ಹಣ. ನಮ್ಮ ಭಿಶಿಯಂತೆ ಎಲ್ಲರ ರೊಕ್ಕವೂ ಒಂದೇ ಕಡೆ. ಆದರೆ ಭಿಶಿಯಲ್ಲಿ ಪಾಳಿ ಬರುತ್ತದೆ, ಇಲ್ಲಿ ಗೆದ್ದವನೇ ಎಲ್ಲ ಒಯ್ಯುತ್ತಿದ್ದ. 19ನೇ ಶತಮಾನದ ಅಮೆರಿಕದಲ್ಲಿ ಕುದುರೆ ಜೂಜಿನ ಕೋಣೆಗಳಲ್ಲಿ ಜನರ ಹೊತ್ತು ಕಳೆಯಲು ಈ ಮೇಜು ಹಾಕುತ್ತಿದ್ದರು. ಜೂಜಿನ ಕೆಟ್ಟ ಹೆಸರು ಆಟಕ್ಕೂ ಅಂಟಿತು.

ಆಟದ ಬೇರು ಇನ್ನೂ ಹಳೆಯದು. ಯುರೋಪಿನಲ್ಲಿ ಹುಲ್ಲಿನ ಮೇಲೆ ಆಡುತ್ತಿದ್ದ ಚೆಂಡಾಟ ಮನೆಯೊಳಗೆ ಬಂದು ಮೇಜು ಏರಿತು. ಮೇಜಿನ ಹಸಿರು ಬಟ್ಟೆ ಆ ಹುಲ್ಲಿನ ನೆನಪು. 15ನೇ ಶತಮಾನದ ಫ್ರಾನ್ಸಿನ ಅರಸ 11ನೇ ಲೂಯಿಯ ಹತ್ತಿರ ಇಂಥ ಮೇಜಿತ್ತು. ಭಾರತಕ್ಕೆ ಬ್ರಿಟಿಷ್ ಅಧಿಕಾರಿಗಳು ಅದನ್ನು ತಂದರು. 1875ರಲ್ಲಿ ಜಬಲ್‌ಪುರದ ದಂಡಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಸೇನಾಧಿಕಾರಿ ಬಣ್ಣದ ಚೆಂಡುಗಳನ್ನು ಸೇರಿಸಿ ಸ್ನೂಕರ್ ಹುಟ್ಟುಹಾಕಿದ. ಮುಂದೆ ಅದರ ನಿಯಮಗಳು ಗಟ್ಟಿಯಾದದ್ದು ನಮ್ಮ ಮಗ್ಗುಲಿನ ಊಟಿಯ ಕ್ಲಬ್ಬಿನಲ್ಲಿ. ಸಾಹೇಬರ ಆ ಆಟದಲ್ಲಿ ಇಂದು ಬೆಂಗಳೂರಿನ ಪಂಕಜ್ ಅಡ್ವಾಣಿ ಹಲವು ಸಲ ವಿಶ್ವ ಚಾಂಪಿಯನ್.

ಈಗ ರೊಕ್ಕದ ಮಾತು. ಮೊದಲು ಮೇಜಿನ ಹಾಸು ಮರದ್ದೇ ಇತ್ತು. ಮರ ಹವೆಗೆ ಸೊಟ್ಟಾಗುತ್ತದೆ, ಚೆಂಡು ದಾರಿ ತಪ್ಪುತ್ತದೆ. 1826ರಲ್ಲಿ ಲಂಡನ್ನಿನ ಜಾನ್ ಥರ್ಸ್ಟನ್ ಮರದ ಬದಲು ಸ್ಲೇಟು ಕಲ್ಲು ಹಾಕಿದ. ನಮ್ಮ ಹಿರಿಯರು ಸಾಲಿಗೆ ಒಯ್ಯುತ್ತಿದ್ದ ಪಾಟಿಯೂ ಅದೇ ಜಾತಿಯ ಕಲ್ಲು. ಅಂಚಿನ ರಬ್ಬರು ಮೊದಮೊದಲು ಚಳಿಗೆ ಬಿರುಸಾಗುತ್ತಿತ್ತು; ಗಂಧಕ ಹಾಕಿ ಕಾಯಿಸಿದ ರಬ್ಬರು ಬಂದ ಮೇಲೆ ಆ ತೊಂದರೆ ಹೋಯಿತು. ಚೆಂಡುಗಳನ್ನು ಆನೆ ದಂತದಲ್ಲಿ ಕಡೆಯುತ್ತಿದ್ದರು. ದಂತ ದುಬಾರಿಯಾದಾಗ ಬದಲಿ ಹುಡುಕಿದವರಿಗೆ ಅಮೆರಿಕದ ಕಂಪನಿಯೊಂದು 10,000 ಡಾಲರ್ ಬಹುಮಾನ ಸಾರಿತು. ಆ ಹುಡುಕಾಟದಲ್ಲೇ ಜಾನ್ ಹಯಾಟ್ ಸೆಲ್ಯುಲಾಯ್ಡ್ ಚೆಂಡು ಮಾಡಿದ.

ಇನ್ನೂರು ವರ್ಷ ಜನ ಖರ್ಚು ಮಾಡಿದ್ದು ಮೂರಕ್ಕೆ: ಸಮತಟ್ಟಾದ ಹಾಸು, ಪುಟಿಯುವ ಅಂಚು, ದುಂಡನೆಯ ಚೆಂಡು. ನಿಮ್ಮ ರೊಕ್ಕವೂ ಅದೇ ಸರದಿಯಲ್ಲಿ ಹೋಗಲಿ. ಕೆತ್ತನೆಯ ಕಾಲು, ಹೊಳಪಿನ ಪಾಲಿಶ್ ಕೊನೆಗಿರಲಿ. ಹೊಸ ಅಗ್ಗದ ಮೇಜಿಗಿಂತ ಹಳೆಯ ಕಲ್ಲಿನ ಮೇಜು ಎಷ್ಟೋ ಸಲ ಲೇಸು. ಬಟ್ಟೆ, ರಬ್ಬರು ಬದಲಿಸಬಹುದು, ಕಲ್ಲು ಸವೆಯುವುದಿಲ್ಲ. ಕೊಳ್ಳುವ ಮುನ್ನ ನಾಲ್ಕೂ ದಿಕ್ಕಿನಿಂದ ಚೆಂಡನ್ನು ಮೆಲ್ಲಗೆ ಉರುಳಿಸಿ ನೋಡಿ. ಹೊರಳಿದರೆ ಮೊದಲು ಕಾಲು ಮಟ್ಟ ಮಾಡಿಸಿ, ಆಮೇಲೂ ಹೊರಳಿದರೆ ಬಿಟ್ಟುಬಿಡಿ.

ಅದಕ್ಕೂ ಮೊದಲು ಪಡಸಾಲೆ ಅಳೆಯಿರಿ. 8 ಅಡಿಯ ಮೇಜಿನಲ್ಲಿ ಆಡುವ ಜಾಗ 88 ಇಂಚು ಉದ್ದ, 44 ಇಂಚು ಅಗಲ. ಕೋಲು 58 ಇಂಚು. ಅದನ್ನು ಹಿಂದಕ್ಕೆಳೆಯಲು ಎಲ್ಲ ಬದಿಗೂ ಜಾಗ ಬೇಕು. ಲೆಕ್ಕ ಹಾಕಿದರೆ ಕೋಣೆ 17 ಅಡಿ ಉದ್ದ, ಹದಿಮೂರೂವರೆ ಅಡಿ ಅಗಲ ಇರಬೇಕು. 7 ಅಡಿಯ ಮೇಜು, 48 ಇಂಚಿನ ಗಿಡ್ಡ ಕೋಲಾದರೆ ಹದಿನಾಲ್ಕೂವರೆ ಅಡಿ ಉದ್ದ, ಹನ್ನೊಂದೂವರೆ ಅಡಿ ಅಗಲ ಸಾಕು. ಒಂದು ಇಂಚು ದಪ್ಪದ ಹಾಸಾದರೆ 8 ಅಡಿ ಮೇಜಿನ ಕಲ್ಲೊಂದೇ ಎರಡು ಕ್ವಿಂಟಲ್ ದಾಟುತ್ತದೆ. ಮೇಲಂತಸ್ತಿಗೆ ಏರಿಸುವ ಮುನ್ನ ಗೌಂಡಿಯನ್ನು ಕೇಳಿ.

ಹೊಳೆ ದಂಡೆಯವರಿಗೆ ಇನ್ನೊಂದು ಮಾತು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮನೆಗಳಲ್ಲಿ ಎತ್ತಲಾಗದ್ದೆಲ್ಲ ನೀರಿನಲ್ಲೇ ಉಳಿಯಿತು. ಒತ್ತುಹಲಗೆಯ ಅಗ್ಗದ ಮೇಜು ನೀರು ಕುಡಿದರೆ ಉಬ್ಬಿ ಕೆಡುತ್ತದೆ. ಕಲ್ಲು ಉಬ್ಬುವುದಿಲ್ಲ, ಆದರೆ ಅದನ್ನು ಎತ್ತುವವರು ಯಾರು? ನೀರು ನುಗ್ಗುವ ಊರಿನವರು ಅಷ್ಟು ರೊಕ್ಕ ಅಲ್ಲಿ ಹೂಡಬೇಡಿ ಎಂದೇ ನಾವು ಹೇಳುತ್ತೇವೆ.

ಅವರಿಗೆ ನಮ್ಮ ಕೇರಂ ಇದ್ದೇ ಇದೆ. ಆಡುವ ಜಾಗ 74 ಸೆಂಟಿಮೀಟರ್ ಚೌಕ, ನಾಲ್ಕು ಮೂಲೆಗೆ ನಾಲ್ಕು ತೂತು, 19 ಕಾಯಿ. ಹೊಡೆತದ ಕೋನ, ಅಂಚಿನ ಪುಟಿತ, ಎದುರಾಳಿಯ ಲೆಕ್ಕ ಎಲ್ಲ ಅಲ್ಲೂ ಇವೆ. ಹೊಳೆ ಏರಿದರೆ ಬಗಲಲ್ಲಿ ಹಿಡಿದು ಹೊರಟರಾಯಿತು.