ದಾರಿಯ ನೀರಿನ ಲೆಕ್ಕ

ದೂರ ಪ್ರಯಾಣಕ್ಕೆ ಹೊರಟವನು ಬುತ್ತಿಯನ್ನು ಮರೆತರೆ ಒಂದು ದಿನ ಉಪವಾಸ ಮಾಡಿಯಾನು. ನೀರನ್ನು ಮರೆತರೆ ಅವನ ಗತಿಯೇನು? ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ದಂಡಯಾತ್ರೆಗಳ ವರ್ಣನೆಯುಂಟು, ಆನೆ ಕುದುರೆಗಳ ಎಣಿಕೆಯುಂಟು. ಆದರೆ ಆ ದಂಡು ಕುಡಿದ ನೀರನ್ನು ಯಾವುದರಲ್ಲಿ ತುಂಬಿದರು, ಯಾರ ಬೆನ್ನ ಮೇಲೆ ಹೊರಿಸಿದರು ಎಂಬ ಮಾತು ಅಪರೂಪ. ಆ ಅಲಕ್ಷಿತ ಪಾತ್ರೆಗಳ ಕಥೆಯನ್ನು ಈ ಸಂಚಿಕೆಯ ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಈ ವಿಷಯ ನಮ್ಮ ತಲೆಗೆ ಹೊಕ್ಕುದು ಹೇಗೆಂದು ಕೆಲವರು ಕೇಳಬಹುದು. ಪುಣೆಯಲ್ಲಿ ನೌಕರಿಗಿರುವ ನಾವು ನಾಲ್ಕೈದು ಮಂದಿ ಕನ್ನಡಿಗರು, ಸಾಲಾಗಿ ಮೂರು ನಾಲ್ಕು ದಿನ ರಜೆ ಸಿಕ್ಕಿತೆಂದರೆ ಮೋಟಾರ್ ಸೈಕಲ್ಲಿಗೆ ಡೇರೆ ಬಿಗಿದು ಊರು ಬಿಡುವ ಹವ್ಯಾಸದವರು. ಮೋಟಾರ್ ಸೈಕಲ್ಲಿನ ಮೇಲೆ ಜಾಗ ಕಡಿಮೆ. ಬಟ್ಟೆಯನ್ನು ಮಡಿಚಬಹುದು, ಡೇರೆಯನ್ನು ಸುತ್ತಬಹುದು. ನೀರನ್ನು ಮಡಿಚುವಂತಿಲ್ಲ, ಸುತ್ತುವಂತಿಲ್ಲ. ಒಂದು ಲೀಟರು ನೀರು ಒಂದು ಕಿಲೋಗ್ರಾಂ ತೂಗಿಯೇ ತೂಗುತ್ತದೆ. ಕುಡಿಯಲು, ಅಡಿಗೆಗೆ, ಮುಖ ತೊಳೆಯಲು ಎಲ್ಲ ಸೇರಿ ತಲೆಗೆ ದಿನಕ್ಕೆ ೫ ಲೀಟರು ಎಂದು ಹಿಡಿದರೂ ಎರಡು ದಿನಕ್ಕೆ ೧೦ ಕಿಲೋಗ್ರಾಂ ಆಯಿತು. ನಮ್ಮಲ್ಲಿ ಬ್ಯಾಂಕಿನ ಗುಮಾಸ್ತರೇ ಹೆಚ್ಚಾದುದರಿಂದ ಇದು ಜಮಾ-ಖರ್ಚಿನ ಪ್ರಶ್ನೆಯಾಗಿಯೇ ಕಂಡಿತು. ಮನೆಯಿಂದ ಹೊರಟ ನೀರೆಲ್ಲ ಜಮಾ ಅಲ್ಲ. ಬಾಯಾರಿದ ಹೊತ್ತಿಗೆ ಕೈಗೆ ಸಿಕ್ಕುವ ನೀರು ಮಾತ್ರ ಜಮಾ. ನಡುವೆ ಸೋರಿದುದು, ಆವಿಯಾದುದು, ಕೆಟ್ಟುದು ಎಲ್ಲವೂ ಖರ್ಚು. ಚರಿತ್ರೆಯನ್ನು ಕೆದಕಿ ನೋಡಿದರೆ ಮನುಷ್ಯನು ಈ ಒಂದು ಪಾಠವನ್ನು ಮತ್ತೆ ಮತ್ತೆ, ಬಹಳ ಬೆಲೆ ತೆತ್ತು, ಕಲಿತಿರುವನೆಂಬುದು ಗೊತ್ತಾಗುತ್ತದೆ.

ಮೊದಲ ಪಾತ್ರೆಗಳು ಪ್ರಕೃತಿಯೇ ಕೊಟ್ಟವು. ಒಣಗಿಸಿ ತಿರುಳು ತೆಗೆದ ಸೋರೆಬುರುಡೆ ಕುರಿ ಕಾಯುವವನ ನೀರಿನ ಪಾತ್ರೆ: ಹಗುರ, ತಂಪು, ಆದರೆ ಕೈಜಾರಿ ಬಿದ್ದರೆ ಎರಡು ಹೋಳು. ಬೀಳಿಗೆ ಹೆದರದ ಪಾತ್ರೆಯೆಂದರೆ ಚರ್ಮದ್ದು. ಚರ್ಮದ ಚೀಲಕ್ಕೆ ನಮ್ಮ ಭಾಷೆಯಲ್ಲಿ 'ತಿತ್ತಿ' ಎಂಬ ಹಳೆಯ ಮಾತಿದೆ. ಕಮ್ಮಾರನ ಕುಲುಮೆಗೆ ಗಾಳಿ ಊದುವುದೂ ತಿತ್ತಿಯೇ. ತುಪ್ಪ, ಎಣ್ಣೆ ತುಂಬುವ ಚರ್ಮದ ಪಾತ್ರೆಗೆ 'ಸಿದ್ದಿಗೆ' ಎಂದರು. ಎತ್ತಿನ ಇಲ್ಲವೆ ಕೋಣದ ಬೆನ್ನಿನ ಎರಡು ಮಗ್ಗುಲಿಗೂ ಇಳಿಬೀಳುವ ದೊಡ್ಡ ಚರ್ಮದ ಚೀಲ 'ಪಖಾಲಿ'. ಎರಡು ಕಡೆಯೂ ಸಮತೂಕ, ಭಾರವೆಲ್ಲ ಕೆಳಗೆ: ಹೇರೆತ್ತಿನ ಯಜಮಾನನು ಕಂಡುಕೊಂಡಿದ್ದ ಈ ನಿಯಮವೇ ಇಂದು ಮೋಟಾರ್ ಸೈಕಲ್ಲಿನ ಹಿಂಬದಿಯ ಎರಡು ಮಗ್ಗುಲಿಗೆ ಪೆಟ್ಟಿಗೆ ಕಟ್ಟುವವನ ನಿಯಮವೂ ಆಗಿದೆ.

ಉತ್ತರ ಹಿಂದುಸ್ತಾನದಲ್ಲಿ ಆಡಿನ ಇಡೀ ತೊಗಲಿನಿಂದ ಮಾಡಿದ 'ಮಶಕ'ವನ್ನು ಬೆನ್ನ ಮೇಲೆ ಹೊತ್ತು ನೀರು ಹಂಚುವವನನ್ನು 'ಭಿಸ್ತಿ' ಎನ್ನುತ್ತಿದ್ದರು. ಇದು ಸ್ವರ್ಗವೆಂಬ ಅರ್ಥದ ಪಾರಸಿ ಮಾತಿನಿಂದ ಬಂದುದು. ಬಾಯಾರಿದವನಿಗೆ ನೀರು ಕೊಡುವವನು ಸ್ವರ್ಗದವನಲ್ಲದೆ ಮತ್ತಾರು? ೧೫೩೯ರಲ್ಲಿ ಚೌಸಾ ಎಂಬಲ್ಲಿ ಶೇರ್ ಖಾನನಿಗೆ ಸೋತು ಗಂಗಾನದಿಗೆ ಧುಮುಕಿದ ಹುಮಾಯೂನನನ್ನು ಬದುಕಿಸಿದುದು ನಿಜಾಮನೆಂಬ ಭಿಸ್ತಿಯ ಗಾಳಿ ತುಂಬಿದ ಮಶಕ. ಆ ಉಪಕಾರಕ್ಕಾಗಿ ಬಾದಶಹನು ಅವನನ್ನು ಅಲ್ಪಕಾಲ ಸಿಂಹಾಸನದ ಮೇಲೆ ಕೂಡಿಸಿದನು. ನೀರಿನ ಪಾತ್ರೆಗೆ ನಮ್ಮ ಚರಿತ್ರೆಯಲ್ಲಿ ಸಿಕ್ಕ ರಾಜಮರ್ಯಾದೆ ಬಹುಶಃ ಅದೊಂದೇ.

ಚರ್ಮದ ತರುವಾಯ ಬಂದುದು ದಪ್ಪ ಕ್ಯಾನ್ವಾಸಿನ ಚೀಲ. ಹಿಂದಿ ಸೀಮೆಯಲ್ಲಿ ಇದನ್ನು 'ಛಾಗಲ್' ಎನ್ನುತ್ತಾರೆ. ಛಾಗವೆಂದರೆ ಆಡು, ತೊಗಲು ಹೋಗಿ ಬಟ್ಟೆ ಬಂದರೂ ಹೆಸರಿನಲ್ಲಿ ಆಡು ಉಳಿಯಿತು. ರಾಜಸ್ಥಾನದ ಪ್ರಯಾಣಿಕರು ಇದನ್ನು ಜೀಪಿಗೆ, ರೈಲುಡಬ್ಬಿಯ ಕಿಟಕಿಗೆ ತೂಗುಹಾಕುತ್ತಿದ್ದರು. ಅಮೆರಿಕದ ಮರುಭೂಮಿಯಲ್ಲಿಯೂ, ಆಸ್ಟ್ರೇಲಿಯದಲ್ಲಿಯೂ ಕಾರಿನ ಮೂತಿಗೆ ಇಂಥದೇ ಚೀಲವನ್ನು ಕಟ್ಟುತ್ತಿದ್ದರು. ಹೊಸ ಚೀಲವನ್ನು ಮೊದಲು ನೀರಿನಲ್ಲಿ ನೆನೆಹಾಕಬೇಕು. ನೂಲು ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಆಮೇಲೂ ಸ್ವಲ್ಪ ನೀರು ಹೊರಗೆ ಜಿನುಗುತ್ತಲೇ ಇರುತ್ತದೆ. ಗಾಳಿಗೆ ಅದು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಒಂದು ಲೀಟರು ನೀರು ಆವಿಯಾಗಲು ಬೇಕಾದ ಶಾಖದಿಂದ ೫ ಲೀಟರು ಮಂಜಿನಷ್ಟು ತಣ್ಣನೆಯ ನೀರನ್ನು ಕುದಿಸಬಹುದು ಎಂದರೆ ಇದರ ಬಲ ಗೊತ್ತಾದೀತು. ಸೆಕೆಯ ದಿನ ಆ ತಂಪು ಅಮೃತವೇ ಸರಿ. ಆದರೆ ಅದು ಪುಕ್ಕಟೆ ಬಂದುದಲ್ಲ. ಅಸಲಿನಲ್ಲಿಯೇ ಮುರಿದುಕೊಂಡ ಬಡ್ಡಿ ಅದು. ಸಂಜೆಯ ಹೊತ್ತಿಗೆ ಬಾವಿ ಸಿಕ್ಕುವ ದಾರಿಯಲ್ಲಿ ಈ ಬಡ್ಡಿ ಕೊಡಬಹುದು. ಬಾವಿಯಿಲ್ಲದ ದಾರಿಯಲ್ಲಿ ಕೊಡಲಾಗದು.

ಇಪ್ಪತ್ತನೆಯ ಶತಮಾನದಲ್ಲಿ ಊರೂರಿಗೂ ಬಂದ ಮತ್ತೊಂದು ಪಾತ್ರೆ ೪ ಗ್ಯಾಲನ್ನಿನ, ಅಂದರೆ ಸುಮಾರು ೧೮ ಲೀಟರಿನ, ಸೀಮೆಎಣ್ಣೆಯ ತಗಡಿನ ಡಬ್ಬ. ಎಣ್ಣೆ ಮುಗಿದ ಮೇಲೆ ಬಾಯಿಗೆ ಅಡ್ಡಲಾಗಿ ಒಂದು ಮರದ ಹಿಡಿಕೆ ಬಡಿದರೆ ನೀರಿನ ಡಬ್ಬ ಸಿದ್ಧ. ನಲ್ಲಿಯಿಂದ ಮನೆಗೆ ತರಲು ಅದು ಸಾಕು. ದೂರದ ದಾರಿಗೆ ಸಾಲದು. ಇಂಥ ೪ ಗ್ಯಾಲನ್ನಿನ ತೆಳುತಗಡಿನ ಡಬ್ಬವನ್ನೇ ನಂಬಿ ಬ್ರಿಟಿಷ್ ಸೈನ್ಯವು ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರುಭೂಮಿಗೆ ಇಳಿಯಿತೆಂದರೆ ಆಶ್ಚರ್ಯವಾಗುತ್ತದೆ. ಪೆಟ್ರೋಲೂ ನೀರೂ ಸಾಗಬೇಕಾದುದು ಅದರಲ್ಲಿಯೇ. ಅಗ್ಗವೆಂಬುದೊಂದೇ ಅದರ ಗುಣ. ಲಾರಿ ಕುಲುಕಿದಂತೆ ಬೆಸುಗೆ ಬಿಡುತ್ತಿತ್ತು. ನೂರಕ್ಕೆ ೩೦ರಷ್ಟು ಪೆಟ್ರೋಲು ದಾರಿಯಲ್ಲಿಯೇ ಸೋರಿಹೋಗುತ್ತಿತ್ತೆಂದು ಆಗಿನ ಸೇನಾಧಿಕಾರಿಗಳೇ ಲೆಕ್ಕ ಹಾಕಿದರು. ನೀರಿನ ಲಾರಿ ಓಡಬೇಕಾದುದು ಅದೇ ಪೆಟ್ರೋಲಿನಿಂದ. ಹೀಗೆ ಒಂದು ಸೋರಿಕೆ ಎರಡು ಖಾತೆಗಳಲ್ಲಿ ಖರ್ಚು ಬೀಳುತ್ತಿತ್ತು. ಸೈನಿಕರು ಆ ಡಬ್ಬಕ್ಕೆ 'ಫ್ಲಿಮ್ಸಿ' ಎಂದು ಹೆಸರಿಟ್ಟರು. ಜಳ್ಳು, ಬಡಕಲು ಎಂದು ಅದರ ಅರ್ಥ.

ಅದೇ ಮರುಭೂಮಿಯಲ್ಲಿ ನೀರಿನ ಲೆಕ್ಕವನ್ನು ಸರಿಯಾಗಿ ಇಟ್ಟವನೊಬ್ಬನಿದ್ದನು. ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಅಧಿಕಾರಿ ೧೯೨೦ರ ದಶಕದಿಂದಲೂ ಫೋರ್ಡ್ ಕಾರುಗಳಲ್ಲಿ ಲಿಬಿಯದ ಮರುಭೂಮಿಯನ್ನು ಅಲೆದವನು. ಕಾರಿನ ರೇಡಿಯೇಟರು ಕುದಿದು ಹಬೆಯಾಗಿ ಕಳೆಯುತ್ತಿದ್ದ ನೀರು ಅವನ ಕಣ್ಣಿಗೆ ಬಿದ್ದಿತು. ಆ ಹಬೆಯನ್ನು ಒಂದು ಕೊಳವೆಯ ಮೂಲಕ ಕಾರಿನ ಪಕ್ಕಕ್ಕೆ ಕಟ್ಟಿದ ಅರ್ಧ ತುಂಬಿದ ಡಬ್ಬಕ್ಕೆ ಬಿಟ್ಟನು. ಹಬೆ ಅಲ್ಲಿ ನೀರಾಯಿತು. ಎಂಜಿನ್ನು ತಣಿದಾಗ ರೇಡಿಯೇಟರೇ ಅದನ್ನು ಹಿಂದಕ್ಕೆ ಹೀರಿಕೊಂಡಿತು. ೧೯೪೦ರಲ್ಲಿ ಅವನು ಕಟ್ಟಿದ ದೂರಸಂಚಾರಿ ಪಡೆ ಶತ್ರುವಿನ ಬೆನ್ನಹಿಂದೆ ನೂರಾರು ಮೈಲಿ ತಿರುಗಿ ಬರಲು ಈ ಸಣ್ಣ ಉಪಾಯವೂ ನೆರವಾಯಿತು. ಮೋಟಾರ್ ಸೈಕಲ್ಲಿನವರಿಗೆ ಮಾತ್ರ ಈ ಚಿಂತೆಯಿರಲಿಲ್ಲ. ಗಾಳಿಯಿಂದಲೇ ತಣಿಯುವ ಎಂಜಿನ್ನು ಸವಾರನ ನೀರಿನಲ್ಲಿ ಪಾಲು ಕೇಳುವುದಿಲ್ಲ. ೧೯೩೪ರ ಡಿಸೆಂಬರಿನಲ್ಲಿ ಫ್ಲಾರೆನ್ಸ್ ಬ್ಲೆಂಕಿರನ್ ಮತ್ತು ಥೆರೆಸಾ ವಾಲಕ್ ಎಂಬ ಇಬ್ಬರು ಮಹಿಳೆಯರು ೬೦೦ ಸಿ.ಸಿ.ಯ ಪ್ಯಾಂಥರ್ ಮೋಟಾರ್ ಸೈಕಲ್ಲಿಗೆ ಪಕ್ಕದ ತೊಟ್ಟಿಲನ್ನೂ ಹಿಂದೊಂದು ಬಂಡಿಯನ್ನೂ ಕಟ್ಟಿಕೊಂಡು ಲಂಡನ್ನಿನಿಂದ ಹೊರಟು, ಸಹಾರವನ್ನು ದಾಟಿ, ೧೯೩೫ರ ಜುಲೈನಲ್ಲಿ ಕೇಪ್‌ಟೌನ್ ಸೇರಿದರು.

ಇತ್ತ ಜರ್ಮನಿಯಲ್ಲಿ ೧೯೩೭ರಲ್ಲಿಯೇ ಉತ್ತಮವಾದೊಂದು ಪಾತ್ರೆ ಸಿದ್ಧವಾಗಿದ್ದಿತು. ೨೦ ಲೀಟರು ಹಿಡಿಯುವ ಉಕ್ಕಿನ ಡಬ್ಬ. ಎರಡು ಅರೆಗಳನ್ನು ಒತ್ತಿ ತಯಾರಿಸಿ ಬೆಸೆದುದು. ಬೆಸುಗೆಗೆ ಪೆಟ್ಟು ತಾಗದಂತೆ ಅದನ್ನು ಒಳಕ್ಕೆ ಸರಿಸಿದ್ದರು. ಮೇಲೆ ಒಂದಲ್ಲ, ಮೂರು ಹಿಡಿಕೆ: ತುಂಬಿದ ಡಬ್ಬವನ್ನು ಇಬ್ಬರು ಹಿಡಿಯಬಹುದು, ಬರಿದಾದುವನ್ನು ಒಬ್ಬನೇ ಒಂದೊಂದು ಕೈಗೆ ಎರಡರಂತೆ ಒಯ್ಯಬಹುದು. ತಿರುಪಿನ ಬದಲು ಅಗುಳಿಯಂತೆ ಒತ್ತಿ ಬಿಗಿಯುವ ಮುಚ್ಚಳ. ಮೈಮೇಲಿನ ಅಡ್ಡಗೆರೆಯ ತಗ್ಗುಗಳಿಂದ ತಗಡಿಗೆ ಬಲವೂ ಬಂದಿತು, ಬಿಸಿಲಿಗೆ ಹಿಗ್ಗಲು ಎಡೆಯೂ ದೊರೆಯಿತು. ತುಂಬಿದಾಗಲೂ ಒಳಗೆ ಸ್ವಲ್ಪ ಗಾಳಿ ಉಳಿಯುವುದರಿಂದ ಹೊಳೆಗೆ ಬಿದ್ದರೆ ತೇಲುತ್ತಿತ್ತು. ನಿಜಾಮನ ಮಶಕದ ಗುಣ ಉಕ್ಕಿಗೂ ಬಂದಿತೆನ್ನಬೇಕು. ನೀರಿನ ಡಬ್ಬ ಪೆಟ್ರೋಲಿನದರೊಡನೆ ಬೆರೆಯದಿರಲೆಂದು ಅದರ ಮೇಲೆ ಬಿಳಿಯ ದೊಡ್ಡ ಶಿಲುಬೆಯ ಗುರುತು ಬಳಿಯುತ್ತಿದ್ದರು. ಬ್ರಿಟಿಷರು ಕೈಗೆ ಸಿಕ್ಕಿದ ಈ ಡಬ್ಬಗಳನ್ನು ಆಸೆಯಿಂದ ಇಟ್ಟುಕೊಂಡು, ಕಡೆಗೆ ಅವುಗಳ ಪಡಿಯಚ್ಚನ್ನೇ ತಾವೂ ತಯಾರಿಸಿದರು. ಜರ್ಮನರಿಗೆ ಅವರಿಟ್ಟಿದ್ದ ಅಡ್ಡಹೆಸರು 'ಜೆರ್ರಿ'; ಡಬ್ಬ 'ಜೆರ್ರಿಕ್ಯಾನ್' ಆಯಿತು.

ಈ ಡಬ್ಬದ ಕಥೆಯಲ್ಲಿ ನಮ್ಮ ದೇಶಕ್ಕೂ ಒಂದು ಪಾಲಿದೆ. ೧೯೩೯ರಲ್ಲಿ ಪಾಲ್ ಪ್ಲೈಸ್ ಎಂಬ ಅಮೆರಿಕದ ಎಂಜಿನಿಯರು ಒಬ್ಬ ಜರ್ಮನ್ ಸಹೋದ್ಯೋಗಿಯೊಡನೆ ಬರ್ಲಿನ್ನಿನಿಂದ ಭಾರತಕ್ಕೆ ಕಾರಿನಲ್ಲಿ ಹೊರಡಲು ಸಿದ್ಧನಾದನು. ಕಾರು ತಯಾರಾದ ಮೇಲೆ ಆಪತ್ಕಾಲದ ನೀರಿಗೆ ಪಾತ್ರೆಯಿಲ್ಲವೆಂಬುದು ಹೊಳೆಯಿತು. ಜರ್ಮನ್ ಗೆಳೆಯನು ಬರ್ಲಿನ್ನಿನ ಟೆಂಪಲ್‌ಹೋಫ್ ವಿಮಾನ ನಿಲ್ದಾಣದ ದಾಸ್ತಾನಿನಿಂದ ಮೂರು ಡಬ್ಬ ತಂದನು. ಸೈನ್ಯದ ಗುಟ್ಟಿನ ವಸ್ತು ಹೀಗೆ ಕುಡಿಯುವ ನೀರಿನ ನೆಪದಲ್ಲಿ ಗಡಿ ದಾಟಿತು! ದಾರಿಯಲ್ಲಿ ಗೆಳೆಯನು ಜರ್ಮನಿಗೆ ಹಿಂದಿರುಗಬೇಕಾಯಿತು. ಪ್ಲೈಸ್ ಒಬ್ಬನೇ ಕಲಕತ್ತೆಗೆ ಬಂದು, ಕಾರನ್ನು ಅಲ್ಲಿಯೇ ಬಿಟ್ಟು ಸ್ವದೇಶಕ್ಕೆ ಮರಳಿದನು. ಅವನು ಡಬ್ಬದ ಗುಣವನ್ನು ಹೇಳಿದಾಗ ಅಮೆರಿಕದ ಸೇನಾ ಇಲಾಖೆ ಮೊದಲು ಕಿವಿಗೊಡಲಿಲ್ಲ. ಆದರೆ ೧೯೪೫ರ ಮೇ ತಿಂಗಳ ಹೊತ್ತಿಗೆ ಯುರೋಪಿನಲ್ಲಿ ಇಂಥ ಡಬ್ಬಗಳು ಎರಡು ಕೋಟಿಗೂ ಮಿಕ್ಕಿ ಹರಡಿದ್ದವು. ಅಗ್ಗದ ಡಬ್ಬ ದುಬಾರಿ, ದುಬಾರಿ ಡಬ್ಬ ಅಗ್ಗ ಎಂಬುದನ್ನು ಒಪ್ಪಿಕೊಳ್ಳಲು ಒಂದು ಮಹಾಯುದ್ಧವೇ ಬೇಕಾಯಿತು.

ಯುದ್ಧದ ತರುವಾಯ ಉಕ್ಕಿನ ಸ್ಥಾನಕ್ಕೆ ಪ್ಲಾಸ್ಟಿಕ್ ಬಂದಿತು. ಅದು ತುಕ್ಕು ಹಿಡಿಯದು, ಹಗುರ. ಆಕಾರ ಮಾತ್ರ ಅದೇ ಜೆರ್ರಿಕ್ಯಾನಿನದು. ೨೦೧೬ರಲ್ಲಿ ಹೊರಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮೋಟಾರ್ ಸೈಕಲ್ಲಿನ ಟ್ಯಾಂಕಿನ ಎರಡು ಮಗ್ಗುಲಿಗೂ ಸಣ್ಣ ಜೆರ್ರಿಕ್ಯಾನ್ ಕಟ್ಟಲು ಕಂಬಿಗಳನ್ನೇ ಕೊಟ್ಟರು. ಇನ್ನೊಂದು ತಮಾಷೆ ನೋಡಿ: ೧೯೮೯ರಲ್ಲಿ ಅಮೆರಿಕದ ಟೆಕ್ಸಾಸಿನ ಸುಡುಬಿಸಿಲಿನ ಸೈಕಲ್ ಪಂದ್ಯದಲ್ಲಿ ಮೈಕೇಲ್ ಐಡ್ಸನ್ ಎಂಬವನು ಆಸ್ಪತ್ರೆಯಲ್ಲಿ ಸಲೈನ್ ಕೊಡುವ ಚೀಲಕ್ಕೆ ನೀರು ತುಂಬಿ, ಕಾಲುಚೀಲದೊಳಗೆ ತುರುಕಿ, ಬೆನ್ನಿಗೆ ಕಟ್ಟಿಕೊಂಡು ಕೊಳವೆಯಿಂದ ಹೀರುತ್ತ ಹೋದನು. ಅದೇ ಮುಂದೆ ಸವಾರರೆಲ್ಲರೂ ಬೆನ್ನಿಗೆ ಹಾಕಿಕೊಳ್ಳುವ ನೀರಿನ ಚೀಲವಾಯಿತು. ಭಿಸ್ತಿಯ ಬೆನ್ನಿನಿಂದ ಹೊರಟ ಮಶಕ ಲೋಕವನ್ನು ಸುತ್ತಿ ಮತ್ತೆ ಬೆನ್ನಿಗೇ ಬಂದಿತು.

ಈ ಚರಿತ್ರೆಯಿಂದ ನಾವು ಕಟ್ಟಿಕೊಂಡ ನಿಯಮಗಳು ನಾಲ್ಕೇ. ನೀರೆಲ್ಲವನ್ನೂ ಒಂದೇ ಪಾತ್ರೆಯಲ್ಲಿ ಇಡಬಾರದು. ಒಂದು ಸೋರಿದರೆ ಇನ್ನೊಂದು ಉಳಿದಿರಬೇಕು. ಭಾರವನ್ನು ಪಖಾಲಿಯಂತೆ ಎರಡು ಮಗ್ಗುಲಿಗೆ ಸಮನಾಗಿ, ಆದಷ್ಟು ಕೆಳಗೆ ಕಟ್ಟಬೇಕು. ಅರ್ಧ ತುಂಬಿದ ದೊಡ್ಡ ಡಬ್ಬಕ್ಕಿಂತ ಪೂರ್ತಿ ತುಂಬಿದ ಸಣ್ಣ ಡಬ್ಬಗಳು ಮೇಲು. ತುಳುಕುವ ನೀರು ತಿರುವಿನಲ್ಲಿ ಗಾಡಿಯನ್ನು ಎಳೆಯುತ್ತದೆ. ಪೆಟ್ರೋಲು ಕಂಡ ಡಬ್ಬಕ್ಕೆ ಎಂದೆಂದಿಗೂ ಕುಡಿಯುವ ನೀರು ತುಂಬಬಾರದು.

ಪಾತ್ರೆ ಎಷ್ಟು ಗಟ್ಟಿಯಾದರೂ ಒಂದಲ್ಲ ಒಂದು ಹೊತ್ತಿಗೆ ಬರಿದಾಗುತ್ತದೆ. ಆಗ ದಾರಿಯೇ ನೀರು ಕೊಡಬೇಕು. ನಮ್ಮ ಪೂರ್ವಿಕರು ಇದನ್ನು ಬಲ್ಲವರಾಗಿ ದಾರಿಬದಿಯಲ್ಲಿ ಅರವಟ್ಟಿಗೆಗಳನ್ನು ಇಟ್ಟು, ಅವು ನಡೆಯಲೆಂದು ದತ್ತಿ ಬಿಟ್ಟುದಕ್ಕೆ ಕನ್ನಡ ಶಾಸನಗಳೇ ಸಾಕ್ಷಿ. ನಾವಿರುವ ಈ ನಾಡಿನಲ್ಲಿ ಅದಕ್ಕೇ 'ಪಾಣಪೋಯಿ' ಎನ್ನುತ್ತಾರೆ. ಮರದ ನೆರಳಿನಲ್ಲಿ ಒದ್ದೆಬಟ್ಟೆ ಸುತ್ತಿದ ಗಡಿಗೆಯಿಂದ, ಊರು ಜಾತಿ ಭಾಷೆ ಕೇಳದೆ ಕೊಟ್ಟ ನೀರನ್ನು ಕುಡಿದವರಿಗೆ ಅದರ ಬೆಲೆ ಗೊತ್ತು. ನಮ್ಮ ಸಂಘವು ಪ್ರತಿವರ್ಷ ರಾಜ್ಯೋತ್ಸವವನ್ನು ವೈಭವದಿಂದ ನಡೆಸುತ್ತಿದೆ. ಮುಂದಿನ ಬೇಸಗೆಯಲ್ಲಿ ಸಂಘದ ಹೆಸರಿನಿಂದ ಹೆದ್ದಾರಿಯ ಬದಿಯಲ್ಲಿ ಒಂದು ಅರವಟ್ಟಿಗೆಯನ್ನು ಇಡಬಾರದೇಕೆ? ನಾಲ್ಕು ಗಡಿಗೆ, ಒಂದು ಚಪ್ಪರ, ಸರದಿಯ ಮೇಲೆ ನೀರು ತುಂಬುವ ಕೆಲವು ಸದಸ್ಯರು ಇದ್ದರೆ ಸಾಕು. ನೀರು ಹೊತ್ತು ತರುವ ಕೆಲಸವನ್ನು ಮೋಟಾರ್ ಸೈಕಲ್ಲಿನವರಾದ ನಾವು ವಹಿಸಿಕೊಳ್ಳುತ್ತೇವೆ.